ಆರಿದ್ರಾ ಮಳೆಯಲ್ಲಿ ಆರಿದ್ರಾ ನಕ್ಷತ್ರ

ಆಕಾಶಗಂಗೆಯ ಅತಿ ದಟ್ಟವಾದ ಭಾಗ ಇರುವುದು ಧನು, ವೃಶ್ಚಿಕ ರಾಶಿಗಳ ಕಡೆಗೆ. ರಾತ್ರಿ ಊಟದ ಹೊತ್ತಿಗೆ ಅದು ದಕ್ಷಿಣದಲ್ಲಿ ಎತ್ತರಕ್ಕೇರಿ ನಿಲ್ಲುವುದು ಜುಲೈ, ಆಗಸ್ಟ್ ತಿಂಗಳಲ್ಲಿ. ಕರ್ನಾಟಕದ ಮೇಲೆ ಮುಂಗಾರು ಕವಿದು ಕೂರುವುದೂ ಆಗಲೇ. ಹೊಸದಾಗಿ ಟ್ರೈಪಾಡ್ ಕೊಂಡವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಜೂನ್‌ನಲ್ಲಿ ಬ್ಯಾಗು ಸೇರಿದ ಕ್ಯಾಮೆರಾ ಹೊರಬರುವುದು ದೀಪಾವಳಿಯ ಹೊತ್ತಿಗೆ. ಆದರೂ ನಕ್ಷತ್ರಗಳ ಫೋಟೊ ತೆಗೆಯುವ ಹವ್ಯಾಸದ ರುಚಿ ಹತ್ತುವುದು ಈ ಮೋಡದ ತಿಂಗಳುಗಳಲ್ಲೇ ಎಂಬುದು ನನ್ನ ಅಭಿಪ್ರಾಯ. ಬಯಲಿನಲ್ಲಿ ನಿಂತಾಗ ಫೋಕಸ್ ಸರಿಯಿದೆಯೇ, ಬ್ಯಾಟರಿ ಉಳಿದಿದೆಯೇ, ಲೆನ್ಸಿನ ಮೇಲೆ ಇಬ್ಬನಿ ಕೂತಿತೇ ಎಂಬ ಚಿಂತೆಯಲ್ಲೇ ರಾತ್ರಿ ಕಳೆಯುತ್ತದೆ. ನೋಡುವುದಕ್ಕೆ ಪುರಸೊತ್ತು ಸಿಗುವುದು ಮನೆಗೆ ಬಂದಮೇಲೆ.

ಮೊದಲು ಪಂಚಾಂಗ ತೆಗೆಯಿರಿ. ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಲ್ಲಿ ಎಣಿಸುತ್ತಾರೆ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಆ ಹೆಸರಿನ ಮಳೆ. ಹಾಗಾಗಿ ಜೂನ್ ಕೊನೆಯಲ್ಲಿ ಆರಿದ್ರಾ ಮಳೆ ಹೊಯ್ಯುವಾಗ ಆರಿದ್ರಾ ನಕ್ಷತ್ರ ಸೂರ್ಯನ ಜೊತೆಗೇ ಮೂಡಿ ಜೊತೆಗೇ ಮುಳುಗುತ್ತಿರುತ್ತದೆ. ಮೋಡವಿಲ್ಲದಿದ್ದರೂ ಅದು ಕಾಣುವುದಿಲ್ಲ. ಆರು ತಿಂಗಳು ಕಳೆದು ಡಿಸೆಂಬರ್ ಕೊನೆ ಬಂತೆಂದರೆ ಸೂರ್ಯ ಎದುರು ಬದಿಗೆ ಸರಿದಿರುತ್ತಾನೆ. ಆಗ ಅದೇ ಆರಿದ್ರಾ ಸಂಜೆಗೆ ಮೂಡಿ ರಾತ್ರಿಯಿಡೀ ನಮ್ಮದಾಗುತ್ತದೆ. ಎಂದರೆ ರೈತನ ಮಳೆಪಟ್ಟಿಯೇ ಚಳಿಗಾಲಕ್ಕೆ ನಮ್ಮ ಚಿತ್ರಪಟ್ಟಿ. ಕೃತ್ತಿಕೆಯಲ್ಲಿ ನೀಲಿ ನಕ್ಷತ್ರಗಳ ಗೊಂಚಲು, ಅದರ ಸುತ್ತ ಬೆಳಕು ಹಿಡಿದ ಧೂಳು. ರೋಹಿಣಿಯಲ್ಲಿ ವೃಷಭದ ಕೆಂಗಣ್ಣು. ಮೃಗಶಿರ, ಆರಿದ್ರಾ ಎರಡೂ ಮಹಾವ್ಯಾಧನ ಮೈಯೊಳಗೇ ಇವೆ. ಪುಷ್ಯದ ಪಕ್ಕದಲ್ಲಿ ಕರ್ಕಾಟಕದ ಜೇನುಗೂಡು ಗುಚ್ಛ. ಪುಬ್ಬೆಯ ಒಂದು ತಾರೆಯ ಬಳಿಯಲ್ಲೇ ಮೂರು ಗೆಲಕ್ಸಿಗಳು ಒಂದೇ ಚೌಕಟ್ಟಿನೊಳಗೆ ಸಿಗುತ್ತವೆ. ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶದಲ್ಲಿ ಜನವರಿಯ ಒಂದು ತಾರೀಕು ಹಾಕಿ, ನಿಮ್ಮ ಕ್ಯಾಮೆರಾ, ಲೆನ್ಸಿನ ಅಳತೆ ಕೊಟ್ಟರೆ ಯಾವುದು ಎಷ್ಟು ಹಿಡಿಸುತ್ತದೆ ಎಂದು ತೋರಿಸುತ್ತದೆ. 50 ಮಿ.ಮೀ. ಲೆನ್ಸಿಗೆ ಮಹಾವ್ಯಾಧ ತಲೆಯಿಂದ ಕಾಲಿನವರೆಗೆ ದಕ್ಕುತ್ತಾನೆ. ಹೊರಗೆ ಧೋ ಎಂದು ಸುರಿಯುತ್ತಿರುವಾಗ ಒಳಗೆ ಕೂತು ಆ ಚೌಕಟ್ಟನ್ನು ಅತ್ತಿತ್ತ ಜರುಗಿಸುತ್ತಿರುವುದು ಬಹಳ ಸುಖದ ಕೆಲಸ.

ಅದಕ್ಕಿಂತ ಸುಖ ಹಳೆಯ ಫೈಲುಗಳಲ್ಲಿದೆ. ಕಳೆದ ಚಳಿಗಾಲದ ಮಹಾವ್ಯಾಧ ಹಾರ್ಡ್ ಡಿಸ್ಕಿನಲ್ಲಿ ಇದ್ದೇ ಇರುತ್ತಾನೆ. ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್, ಎರಡೂ ಉಚಿತ, ಆ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತವೆ. 16 ಚಿತ್ರ ಕೂಡಿಸಿದರೆ ಗೊಜಲು (ನಾಯ್ಸ್) ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ, ಇನ್ನೂ ಅರ್ಧ ಮಾಡಬೇಕೆಂದರೆ 64 ಬೇಕು. ಕೂಡಿಸಿ ಬಂದ ಚಿತ್ರ ಮೊದಲ ನೋಟಕ್ಕೆ ಬರೀ ಕಪ್ಪು. ಅಲ್ಲಿಂದ ಕರ್ವ್ ಗೆರೆಯನ್ನು ಒಂದೊಂದು ಎಳೆಯಷ್ಟೇ ಎತ್ತುತ್ತ ಹೋಗಬೇಕು. ಮೊದಲು ನಡುಪಟ್ಟಿಯ ಮೂರು ನಕ್ಷತ್ರ ಮೇಲೇಳುತ್ತವೆ, ಆಮೇಲೆ ಖಡ್ಗದ ನಡುವೆ ಒಂದು ಬೂದಿಬಣ್ಣದ ಮಚ್ಚೆ, ಇನ್ನೊಂದಿಷ್ಟು ಎತ್ತಿದರೆ ಆ ಮಚ್ಚೆಗೆ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಮತ್ತೂ ಎಳೆದರೆ ನಡುವಿನ ನಾಲ್ಕು ಎಳೆಯ ನಕ್ಷತ್ರಗಳು ಬೆಳ್ಳಗಿನ ಗುಡ್ಡೆಯಾಗಿ ಕರಗಿಹೋಗುತ್ತವೆ. ಎಲ್ಲಿ ನಿಲ್ಲಬೇಕು ಎಂಬುದೇ ಇಲ್ಲಿ ಕಲೆ. ವೀಣೆಯ ತಂತಿ ಬಿಗಿಮಾಡುವಾಗ ಕಿವಿ ಹೇಳುವಂತೆ ಇಲ್ಲಿ ಕಣ್ಣು ಹೇಳಬೇಕು. ಹೊಸಬರು ಹೆಚ್ಚಾಗಿ ಬಣ್ಣದ ಸ್ಲೈಡರನ್ನು ಕೊನೆತನಕ ತಳ್ಳಿಬಿಡುತ್ತಾರೆ. ಆಗ ಆರಿದ್ರೆಯ ಕಿತ್ತಳೆಗೂ ಎದುರು ಮೂಲೆಯ ರೈಜೆಲ್‌ನ ನೀಲಿಬಿಳುಪಿಗೂ ಇದ್ದ ಸೂಕ್ಷ್ಮ ಅಂತರವೇ ಮಾಯ. ಒಂದೇ ಫೈಲನ್ನು ವಾರ ಬಿಟ್ಟು ಮತ್ತೆ ಮೊದಲಿನಿಂದ ಮಾಡಿ ನೋಡಿ. ಹಳೆಯದರ ಪಕ್ಕದಲ್ಲಿಟ್ಟರೆ ನಿಮ್ಮ ಕಣ್ಣು ಎಷ್ಟು ಬೆಳೆದಿದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಸ್ವಂತ ಫೈಲು ಮುಗಿದರೆ ಹಬಲ್‌ನದು ಇದೆ. 1995ರ ಏಪ್ರಿಲ್ 1ರಂದು ಆ ದೂರದರ್ಶಕ ತೆಗೆದ ‘ಸೃಷ್ಟಿಯ ಕಂಬಗಳು’ ಚಿತ್ರ ಎಲ್ಲರೂ ಕಂಡದ್ದೇ. ಅದರ ಮೂಲ ಕಪ್ಪುಬಿಳುಪು ಫೈಲುಗಳು ಸಾರ್ವಜನಿಕ ಸಂಗ್ರಹದಲ್ಲಿವೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಗಂಧಕದ ಬೆಳಕನ್ನು ಕೆಂಪಿಗೆ, ಜಲಜನಕದ್ದನ್ನು ಹಸಿರಿಗೆ, ಆಮ್ಲಜನಕದ್ದನ್ನು ನೀಲಿಗೆ ಹಾಕಿದ್ದಾರೆ. ಗಂಧಕ, ಜಲಜನಕ ಎರಡರ ಬೆಳಕೂ ನಿಜದಲ್ಲಿ ಕೆಂಪೇ. ಇದ್ದಂತೆಯೇ ತೋರಿಸಿದ್ದರೆ ಅವು ಒಂದರೊಳಗೊಂದು ಬೆರೆತುಹೋಗುತ್ತಿದ್ದವು. ಮೂರನ್ನೂ ನೀವೇ ಕೈಯಾರೆ ಸೇರಿಸಿದಾಗ ಆ ಕಂಬಗಳ ಅಂಚು ಹೊಳೆಯುವುದು ಏಕೆಂದು ತಿಳಿಯುತ್ತದೆ. ಮೇಲಿನ ಮೂಲೆಯಲ್ಲಿ ಮೆಟ್ಟಿಲಿನಂತೆ ಕತ್ತರಿಸಿದ ಕಪ್ಪು ಜಾಗವೊಂದು ಉಳಿಯುತ್ತದೆ. ಹಬಲ್‌ನ ಆ ಕ್ಯಾಮೆರಾದಲ್ಲಿದ್ದ ನಾಲ್ಕು ಸಂವೇದಕಗಳಲ್ಲಿ ಒಂದು ಉಳಿದವಕ್ಕಿಂತ ಹೆಚ್ಚು ಹಿಗ್ಗಿಸಿ ನೋಡುತ್ತಿತ್ತು, ಅದರ ಚಿತ್ರವನ್ನು ಕುಗ್ಗಿಸಿ ಜೋಡಿಸಿದಾಗ ಬಿದ್ದ ಖಾಲಿ ಅದು. ಆ ಮೆಟ್ಟಿಲನ್ನು ಮುಚ್ಚಿಡದೆ ಬಿಟ್ಟದ್ದು ನನಗೆ ಬಹಳ ಇಷ್ಟ. ಗುರುಗ್ರಹದ ಮೋಡಗಳು ಬೇಕೆಂದರೆ 2016ರಿಂದ ಅದನ್ನು ಸುತ್ತುತ್ತಿರುವ ಜುನೊ ನೌಕೆಯ ಕಚ್ಚಾ ಚಿತ್ರಗಳನ್ನೂ ನಾಸಾ ಹೀಗೆಯೇ ಬಿಟ್ಟುಕೊಟ್ಟಿದೆ.

ಬೇಸರದ ಕೆಲಸಗಳೂ ಇವೆ, ಬೇಗ ಮುಗಿಸಿಬಿಡಿ. ಲೆನ್ಸಿಗೆ ಮುಚ್ಚಳ ಹಾಕಿ, ಆಕಾಶಕ್ಕೆ ಬಳಸುವಷ್ಟೇ ಐಎಸ್‌ಒ, ಅಷ್ಟೇ ಸೆಕೆಂಡು ಇಟ್ಟು ಡಾರ್ಕ್ ಫ್ರೇಮ್ ತೆಗೆಯಿರಿ. ಸಂವೇದಕದ ಬಿಸಿಗೆ ಹುಟ್ಟುವ ಚುಕ್ಕೆಗಳನ್ನು ಕಳೆಯಲು ಇವು ಬೇಕು. ಎಷ್ಟು ಡಿಗ್ರಿಯಲ್ಲಿ ತೆಗೆದಿರೋ ಬರೆದಿಡಿ, ಸೆಖೆಯ ರಾತ್ರಿಯದು ಚಳಿಯ ರಾತ್ರಿಗೆ ಹೊಂದುವುದಿಲ್ಲ.

ಮೋಡವೂ ಒಂದು ಸಲಕರಣೆಯೇ. ಮೋಡ ಮುಚ್ಚಿದ ಹಗಲಿನ ಆಕಾಶದಲ್ಲಿ ಬೆಳಕು ಹೆಚ್ಚುಕಡಿಮೆ ಎಲ್ಲೆಡೆ ಸಮವಾಗಿರುತ್ತದೆ, ಚಿತ್ರದ ಅಂಚಿನ ಮಬ್ಬು, ಧೂಳಿನ ಕಲೆ ಸರಿಪಡಿಸುವ ಫ್ಲಾಟ್ ಫ್ರೇಮ್ ತೆಗೆಯುವುದನ್ನು ಅಭ್ಯಾಸ ಮಾಡಲು ಅದು ಸಾಕು. ರಾತ್ರಿ ಮಳೆ ಬಿಟ್ಟಾಗ ಊರಾಚೆಯ ದಿಬ್ಬ ಹತ್ತಿ ಸುತ್ತ ನೋಡಿ. ಪ್ರತಿ ಊರಿನ ದೀಪವೂ ತನ್ನ ಮೇಲಿನ ಮೋಡಕ್ಕೆ ಬಡಿದು ಹೊಳೆಯುತ್ತಿರುತ್ತದೆ, ಊರಿಲ್ಲದ ದಿಕ್ಕಿನಲ್ಲಿ ಮೋಡ ಕಡುಗಪ್ಪು. ಬೇಸಿಗೆಯ ಶುಭ್ರ ರಾತ್ರಿಯಲ್ಲಿ ಇಷ್ಟು ಸ್ಪಷ್ಟವಾಗಿ ಕಾಣದ ನಕ್ಷೆ ಇದು. ಕಪ್ಪು ಯಾವ ಕಡೆಗಿದೆಯೋ ಆ ಕಡೆಗೆ ಚಳಿಗಾಲದಲ್ಲಿ ಟ್ರೈಪಾಡ್ ಹೂಡಿ.

ವೃತ್ತಿಪರರಿಗೂ ಮುಂಗಾರಿನ ಮೇಲೆ ಜೋರಿಲ್ಲ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಖಗೋಳಜ್ಞರು ನಮ್ಮ ಹೊಸಕೋಟೆಯ ಕೇಂದ್ರದಲ್ಲಿ ಕೂತು, ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ತಿರುಗಿಸುತ್ತಾರೆ. ಮಳೆ ನೆರಳಿನ ನಾಡು ಅದು. ನಮಗೆ ಅಂಥ ಅನುಕೂಲವಿಲ್ಲ, ಹಾಗಾಗಿ ಇರುವ ಲೆನ್ಸನ್ನಾದರೂ ಉಳಿಸಿಕೊಳ್ಳಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬ್ಯಾಗಿನೊಳಗೆ ಬಿಟ್ಟ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ, ಹಿಡಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ತೇವಾಂಶ ಶೇಕಡ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಹರಳಿನ ಬಣ್ಣ ತಿರುಗಿದ ಕೂಡಲೇ ಬದಲಿಸಿ.