ಉದ್ದ ಅಳೆಯುವ ಪಾಠದಲ್ಲಿ ಬಿಟ್ಟುಹೋದ ಮೆಟ್ಟಿಲು

ಪೆನ್ಸಿಲಿನ ಒಂದು ತುದಿಯನ್ನು ಸ್ಕೇಲಿನ ಸೊನ್ನೆಗೆ ಸರಿಯಾಗಿ ಇಟ್ಟು ಅದರ ಉದ್ದ ಎಷ್ಟೆಂದು ಕೇಳಿದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಸರಿಯುತ್ತರ ಕೊಡುತ್ತಾರೆ. ಅದೇ ಪೆನ್ಸಿಲನ್ನು ಎರಡು ಸೆಂಟಿಮೀಟರ್ ಮುಂದಕ್ಕೆ ಸರಿಸಿಟ್ಟು ಕೇಳಿದರೆ ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪುತ್ತಾರೆ. ಆಯ್ದ ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ಭೇಟಿಮಾಡಿದ ‘ಅಸರ್’ ಸಮೀಕ್ಷೆ 2017ರಲ್ಲಿ ಈ ಬಗೆಯ ಪ್ರಶ್ನೆ ಕೇಳಿತ್ತು. ವಸ್ತು ಸೊನ್ನೆಯಿಂದ ಶುರುವಾದಾಗ ಶೇ. 86ರಷ್ಟು ಮಂದಿ ಸರಿಯಾಗಿ ಅಳೆದರು. ಬೇರೆ ಅಂಕಿಯಿಂದ ಶುರುವಾದಾಗ ಆ ಪ್ರಮಾಣ ಶೇ. 40ಕ್ಕೆ ಇಳಿಯಿತು. 2023ರ ಸಮೀಕ್ಷೆಯಲ್ಲೂ ಕಂಡದ್ದು ಇದೇ: ಸುಮಾರು ಶೇ. 85 ಮತ್ತು ಶೇ. 39. ಇವರಲ್ಲಿ ಬಹುಪಾಲು ಮಂದಿ ಶಾಲೆ ಕಾಲೇಜುಗಳಲ್ಲಿ ಓದುತ್ತಿರುವವರೇ. ಸ್ಕೇಲು ಅವರಿಗೆ ಹೊಸದಲ್ಲ, ಕೂಡುವುದು ಕಳೆಯುವುದೂ ಹೊಸದಲ್ಲ. ಹಾಗಾದರೆ ದೋಷವನ್ನು ಹುಡುಕಬೇಕಾದದ್ದು ಉದ್ದದ ಅಳತೆ ಮೊದಲು ಪರಿಚಯವಾಗುವ ಒಂದರಿಂದ ಮೂರನೇ ತರಗತಿಗಳಲ್ಲಿ.

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಂಥ ಹೋಬಳಿಯ ಸರ್ಕಾರಿ ಶಾಲೆಯನ್ನೇ ತೆಗೆದುಕೊಳ್ಳೋಣ. ಇಲ್ಲಿ ಮೊದಲ ಮೂರು ತರಗತಿಗಳಿಗೆ ಇರುವುದು ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಗೆ ಪ್ರೇರಣೆ ಒದಗಿಸಿದ್ದು ಚಿಂತಾಮಣಿಯ ಆಚೆಗೆ, ಮದನಪಲ್ಲಿಯ ಹತ್ತಿರವಿರುವ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳು. ಉದ್ದದ ಪಾಠ ಸಾಗುವ ಕ್ರಮ ಎಲ್ಲರಿಗೂ ಗೊತ್ತಿರುವಂಥದ್ದೇ: ಮೊದಲು ಉದ್ದ-ಗಿಡ್ಡಗಳ ಹೋಲಿಕೆ, ಆಮೇಲೆ ಗೇಣು, ಮೊಳ, ಹೆಜ್ಜೆ, ಕೊನೆಗೆ ಸ್ಕೇಲು ಮತ್ತು ಸೆಂಟಿಮೀಟರ್. 2021ರಲ್ಲಿ ಬಂದ ‘ನಿಪುಣ್ ಭಾರತ್’ ಯೋಜನೆಯೂ ಎರಡನೇ ತರಗತಿಯ ಮಗು ಕಡ್ಡಿ, ಪೆನ್ಸಿಲು, ದಾರಗಳಿಂದ ಅಳೆಯಬೇಕೆಂದು ಗುರಿ ಇಟ್ಟಿತು. ಈ ಕ್ರಮ ತಪ್ಪೆಂದು ನಾನು ಹೇಳುವುದಿಲ್ಲ. ಮೇಜನ್ನು ಗೇಣಿನಿಂದ ಅಳೆಯುವ ಮಗು ಒಂದೇ ಅಳತೆಯನ್ನು ಮತ್ತೆ ಮತ್ತೆ ಇಟ್ಟು ಎಣಿಸುತ್ತದೆ. ತನ್ನ ಗೇಣಿಗೆ ಎಂಟು ಬಂದದ್ದು ಟೀಚರ ಗೇಣಿಗೆ ಆರೇ ಬಂದಾಗ ಎಲ್ಲರಿಗೂ ಒಪ್ಪುವ ಅಳತೆಯೊಂದು ಬೇಕೆಂದು ತಾನೇ ಕಂಡುಕೊಳ್ಳುತ್ತದೆ. ಇಷ್ಟು ದೂರ ಪಾಠ ಸರಿಯಾಗಿಯೇ ನಡೆದಿದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಗೇಣಿನ ಪಾಠ ಮುಗಿದೊಡನೆ ಮಗುವಿನ ಕೈಗೆ ಸಿದ್ಧ ಸ್ಕೇಲು ಬರುತ್ತದೆ, ಜೊತೆಗೊಂದು ಸೂಚನೆ: ಒಂದು ತುದಿಯನ್ನು ಸೊನ್ನೆಗೆ ಇಡು, ಇನ್ನೊಂದು ತುದಿಯ ಅಂಕಿ ಓದು. ಇಡುವುದು, ಸರಿಸುವುದು, ಎಣಿಸುವುದು ಎಲ್ಲವೂ ಅಲ್ಲಿಗೆ ಮುಗಿಯಿತು. ಉಳಿದದ್ದು ಅಂಕಿ ಓದುವುದೊಂದೇ.

ಸ್ಕೇಲು ಎಂದರೆ ಒಂದರ ಪಕ್ಕ ಒಂದು ಜೋಡಿಸಿದ ಸೆಂಟಿಮೀಟರುಗಳ ಸಾಲು. ಎಣಿಕೆಯನ್ನು ಮೊದಲೇ ಮಾಡಿ ಬರೆದಿಟ್ಟಿದ್ದಾರೆ, ಅಷ್ಟೆ. ದೊಡ್ಡವರಿಗೆ ಇದು ಎಷ್ಟು ಸಹಜವೆಂದರೆ ಅದನ್ನು ಕಲಿಸಬೇಕೆಂದೇ ತೋಚುವುದಿಲ್ಲ. ಮಗುವಿಗಾದರೋ ಸ್ಕೇಲಿನ ಮೇಲಿನ 7 ಎಂಬುದು ಒಂದು ಗೆರೆಯ ಹೆಸರು. ಅಲ್ಲಿಗೆ ಏಳು ಜಾಗಗಳು ದಾಟಿದವು ಎಂಬ ಲೆಕ್ಕವಲ್ಲ. ಹೀಗಾಗಿ 2ರಿಂದ 9ರವರೆಗೆ ಇಟ್ಟ ಪೆನ್ಸಿಲಿಗೆ ಎರಡು ಬಗೆಯ ತಪ್ಪುತ್ತರ ಬರುತ್ತದೆ. 9 ಎನ್ನುವ ಮಗು ಕೊನೆಯ ಅಂಕಿಯನ್ನು ಓದಿದೆ. 8 ಎನ್ನುವ ಮಗು 2, 3, 4 ಎಂದು ಗೆರೆಗಳನ್ನು ಎಣಿಸಿದೆ, ಗೆರೆಗಳ ನಡುವಿನ ಜಾಗವನ್ನಲ್ಲ. ಮನೋವಿಜ್ಞಾನಿ ಪಿಯಾಜೆ ಮತ್ತು ಅವರ ಸಹೋದ್ಯೋಗಿಗಳು 1948ರಲ್ಲಿ ಮಕ್ಕಳ ರೇಖಾಗಣಿತದ ಕಲ್ಪನೆಯ ಬಗ್ಗೆ ಬರೆದಾಗ ಅಳತೆಯಲ್ಲಿ ಎರಡು ಕೆಲಸ ಕೂಡಿಕೊಂಡಿವೆ ಎಂದು ತೋರಿಸಿದ್ದರು: ಇಡೀ ಉದ್ದವನ್ನು ಭಾಗಗಳಾಗಿ ಕಾಣುವುದು, ಒಂದು ಭಾಗವನ್ನು ಉಳಿದುದರ ಮೇಲೆ ಸರಿಸುತ್ತ ಹೋಗುವುದು. ದೊಡ್ಡ ಅಳತೆಗಳೂ ನಿಂತಿರುವುದು ಇದರ ಮೇಲೆಯೇ. 1800ರಲ್ಲಿ ಭೂಮಾಪಕ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯನ್ನು ಅಳೆದದ್ದು ನೂರು ಅಡಿಯ ಉಕ್ಕಿನ ಸರಪಳಿಯನ್ನು ಒಂದರ ತುದಿಗೆ ಇನ್ನೊಂದರಂತೆ ಇಡುತ್ತ ಹೋಗಿ.

ಗೇಣಿಗೂ ಸ್ಕೇಲಿಗೂ ನಡುವೆ ಬಿಟ್ಟುಹೋಗಿರುವ ಮೆಟ್ಟಿಲು ಎಂದರೆ ಮಗು ತಾನೇ ಒಂದು ಸ್ಕೇಲು ಮಾಡುವುದು. ಸಾದಲಿ ಸೀಮೆಯಲ್ಲಿ ಇದಕ್ಕೆ ಸಾಮಗ್ರಿ ಕೊಳ್ಳಬೇಕಿಲ್ಲ. ರೇಷ್ಮೆಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಹುಳು ಸಾಕುವ ಪ್ರತಿ ಮನೆಯಲ್ಲೂ ಸಿಗುತ್ತದೆ. ಅವನ್ನು ಹತ್ತು ಸೆಂಟಿಮೀಟರ್ ಉದ್ದಕ್ಕೆ ಸಮನಾಗಿ ಕತ್ತರಿಸಿ ಕೊಟ್ಟರೆ ಮಕ್ಕಳು ಬೆಂಚಿನ ಮೇಲೆ ಸಾಲಾಗಿ ಜೋಡಿಸುತ್ತಾರೆ. ನಡುವೆ ಸಂದು ಬಿಟ್ಟವರಿಗೆ ಕಡ್ಡಿ ಕಡಿಮೆ ಸಾಕಾಗುತ್ತದೆ, ಒಂದರ ಮೇಲೊಂದು ಏರಿಸಿದವರಿಗೆ ಹೆಚ್ಚು ಬೇಕಾಗುತ್ತದೆ. ಒಂದೇ ಬೆಂಚಿಗೆ ಎರಡು ಲೆಕ್ಕ ಹೇಗೆ ಬಂತೆಂಬ ಚರ್ಚೆಯೇ ಅಲ್ಲಿ ಪಾಠ. ಮರುದಿನ ಒಬ್ಬೊಬ್ಬರಿಗೆ ಒಂದೇ ಕಡ್ಡಿ. ಈಗ ಕಡ್ಡಿ ಮುಗಿದಲ್ಲಿ ಗುರುತು ಹಾಕಿ, ಅಲ್ಲಿಂದಲೇ ಮತ್ತೆ ಇಡಬೇಕು. ಮೂರನೆಯ ಹಂತದಲ್ಲಿ ಆ ಗುರುತುಗಳನ್ನು ಹಳೆಯ ಕ್ಯಾಲೆಂಡರಿನ ಉದ್ದ ಪಟ್ಟಿಯ ಮೇಲೆ ಹಾಕಿ ಅಂಕಿ ಬರೆಯಬೇಕು. 1 ಎಂದು ಎಲ್ಲಿ ಬರೆಯುವುದು? ಪಟ್ಟಿ ಶುರುವಾಗುವಲ್ಲಿಯೇ ಬರೆಯುವ ಮಗುವಿಗೆ, ಅಲ್ಲಿಯವರೆಗೆ ಎಷ್ಟು ಕಡ್ಡಿ ದಾಟಿತು ಎಂದು ಕೇಳಿದರೆ ಸಾಕು. ಒಂದೂ ದಾಟಿಲ್ಲ, ಆದ್ದರಿಂದ ಅಲ್ಲಿ ಸೊನ್ನೆ. ಹತ್ತು ಕಡ್ಡಿಯ ಪಟ್ಟಿಯನ್ನು ಮೀಟರ್ ಟೇಪಿನ ಪಕ್ಕಕ್ಕೆ ಹಿಡಿದರೆ ಎರಡೂ ಸಮ. ಕೊನೆಗೆ ಪಟ್ಟಿಯ ಮೊದಲ ಮೂರು ಭಾಗಗಳನ್ನು ಹರಿದುಹಾಕಿ, ಉಳಿದ ತುಂಡಿನಿಂದ ಬೆಂಚನ್ನು ಅಳೆಯಲು ಹೇಳಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಸಮಯದ್ದು. ಮೂರು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಿಕ್ಷಕರಿಗೆ ಕಡ್ಡಿ ಕತ್ತರಿಸಲು ಪುರುಸೊತ್ತೆಲ್ಲಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಗುಂಪಿನಲ್ಲಿ ಕೂತು, ಒಬ್ಬರಿಗೊಬ್ಬರು ತೋರಿಸಿಕೊಂಡು ಕಲಿಯುವ ನಲಿ-ಕಲಿ ಕೊಠಡಿಗಿಂತ ಈ ಕೆಲಸಕ್ಕೆ ಒಗ್ಗುವ ಜಾಗ ಬೇರೆಯಿಲ್ಲ. ಒಮ್ಮೆ ಕತ್ತರಿಸಿದ ಕಡ್ಡಿ ವರ್ಷವಿಡೀ ಬರುತ್ತದೆ. ಮೂರನೇ ತರಗತಿಯವರು ಮಾಡಿದ ಪಟ್ಟಿ ಎರಡನೇ ತರಗತಿಯವರಿಗೆ ಮಾದರಿಯಾಗುತ್ತದೆ. ಕೊರತೆ ಇರುವುದು ನಲಿ-ಕಲಿಯಲ್ಲಿ ಮೈಲಿಗಲ್ಲು ಎನ್ನುವ ಕಲಿಕೆಯ ಹಂತಗಳನ್ನು ದಾಟಿಸುವ ಬಗೆಯಲ್ಲಿ. ಸರಿಯಾದ ಅಂಕಿ ಬರೆದರೆ ಮಗು ಕಲಿತಿದೆ ಎಂದು ಗುರುತು ಹಾಕುತ್ತೇವೆ, ಆ ಅಂಕಿ ಹೇಗೆ ಬಂತೆಂದು ಕೇಳುವುದಿಲ್ಲ. ಸ್ಕೇಲನ್ನು ಮೂರನೇ ತರಗತಿಯವರೆಗೆ ದೂರವಿಡಬೇಕೆನ್ನುವವರ ಮಾತನ್ನೂ ನಾನು ಒಪ್ಪಲಾರೆ. ಅಕ್ಕ ಅಣ್ಣಂದಿರ ಕಂಪಾಸ್ ಪೆಟ್ಟಿಗೆಯಲ್ಲಿ ಅದನ್ನು ಕಂಡ ಮಗು ಮುಟ್ಟಿಯೇ ಮುಟ್ಟುತ್ತದೆ. ಸ್ಕೇಲು ಬೇಗ ಬಂದರೆ ಕೇಡಿಲ್ಲ, ಒಳಗುಟ್ಟು ತಿಳಿಯದೆ ಬಂದರೆ ಕೇಡು.

ಗೇಣು, ಮೊಳಗಳು ಹಳೆಯ ಕಾಲದವು, ನೇರವಾಗಿ ಮೀಟರನ್ನೇ ಕಲಿಸಿ ಎನ್ನುವವರೂ ಇದ್ದಾರೆ. ಮೆಟ್ರಿಕ್ ಪದ್ಧತಿಯ ಕಾಯ್ದೆ 1956ರಲ್ಲೇ ಬಂತು, ನಿಜ. ಆದರೂ ಚಿಕ್ಕಬಳ್ಳಾಪುರದ ಕಡೆ ಇಂದಿಗೂ ಹೂವು ಕೊಳ್ಳುವುದು ಮೊಳ, ಮಾರಿನ ಲೆಕ್ಕದಲ್ಲಿ. ಹಿಪ್ಪುನೇರಳೆ ನೆಡುವಾಗ ಮೂರಡಿ ಅಂತರ ಎನ್ನುತ್ತಾರೆ, ಹುಳು ಗೂಡು ಕಟ್ಟುವ ಚಂದ್ರಿಕೆ ಆರಡಿ ಉದ್ದ ನಾಲ್ಕಡಿ ಅಗಲ, ಗುಂಟೆ ಎಂದರೆ ಮೂವತ್ತಮೂರು ಅಡಿ ಚೌಕ. ಮನೆಯಲ್ಲಿ ತೆಲುಗು ಆಡುವ ಇಲ್ಲಿನ ಮಕ್ಕಳು ಜಾನ, ಮೂರ ಎಂಬ ಮಾತುಗಳನ್ನು ಕೇಳಿಕೊಂಡೇ ಬೆಳೆದಿರುತ್ತಾರೆ. ಇವುಗಳಿಂದ ಪಾಠ ಶುರುಮಾಡಿದರೆ ಮನೆಯ ಅಳತೆಗೂ ಪುಸ್ತಕದ ಅಳತೆಗೂ ಇರುವ ಸಂಬಂಧ ಮಗುವಿಗೆ ಕಾಣುತ್ತದೆ: ಅಳತೆಯ ಹೆಸರು, ಗಾತ್ರ ಬೇರೆಯಾದರೂ ಅಳೆಯುವ ರೀತಿ ಒಂದೇ. ಆದರೆ ಗೇಣು, ಮೊಳಗಳಲ್ಲೇ ವಾರಗಟ್ಟಲೆ ಕಳೆಯುವುದು ಬೇಡ. ಎಲ್ಲರಿಗೂ ಸಮನಾದ ಅಳತೆ ಯಾಕೆ ಬೇಕೆಂಬುದು ಮನವರಿಕೆಯಾದ ಮೇಲೆ ಅವುಗಳ ಕೆಲಸ ಮುಗಿಯಿತು.

ಬದುಕಿನಲ್ಲಿ ಎಲ್ಲರೂ ಸೊನ್ನೆಯಿಂದಲೇ ಅಳೆಯುತ್ತಾರೆ, ನಡುವಿನಿಂದ ಅಳೆಯಿಸುವುದು ಮಕ್ಕಳನ್ನು ಸಿಕ್ಕಿಸುವ ಪ್ರಶ್ನೆಯಲ್ಲವೇ ಎಂಬುದು ಕೊನೆಯ ಆಕ್ಷೇಪ. ಆದರೆ ಟೇಪಿನ ತುದಿ ಸವೆದಾಗ ಬಡಗಿ ಹತ್ತು ಸೆಂಟಿಮೀಟರಿನಿಂದ ಹಿಡಿದು ಆಮೇಲೆ ಹತ್ತು ಕಳೆಯುತ್ತಾನೆ; ಅವನಿಗೆ ಇದು ದಿನದ ಕೆಲಸ. ಶಾಲೆಯಲ್ಲೂ ಮುಂದೆ ಸಂಖ್ಯಾರೇಖೆ, ಭಿನ್ನರಾಶಿ, ನಕ್ಷೆಗಳೆಲ್ಲ ಗೆರೆಗಳ ನಡುವಿನ ಜಾಗ ಎಣಿಸುವುದರ ಮೇಲೆಯೇ ನಿಂತಿವೆ. ಹಾಗೆಂದು ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂದು ಬಾಯಿಪಾಠ ಮಾಡಿಸಿದರೆ ಹಳೆಯ ಸೂಚನೆಯ ಜಾಗಕ್ಕೆ ಹೊಸದೊಂದು ಬಂದಂತಾಯಿತು, ಅಷ್ಟೆ. ಅಂಕಿಯೇ ಇಲ್ಲದ, ಗೆರೆಗಳಷ್ಟೇ ಇರುವ ಸ್ಕೇಲಿನಿಂದ ಅಳೆಯಬಲ್ಲ ಮಗುವಿಗೆ ಮಾತ್ರ ಅಳತೆ ಬಂತೆಂದು ಹೇಳಬಹುದು. ಉದ್ದದ ಪಾಠದ ಈಗಿನ ಕ್ರಮ ಚೆನ್ನಾಗಿ ಆರಂಭವಾಗಿ ಅರ್ಧಕ್ಕೇ ನಿಂತಿದೆ ಎಂಬುದು ನನ್ನ ತೀರ್ಮಾನ. ಅದನ್ನು ಪೂರ್ತಿಮಾಡಲು ಹೊಸ ಪುಸ್ತಕಕ್ಕೋ ಆದೇಶಕ್ಕೋ ಕಾಯಬೇಕಾಗಿಲ್ಲ. ಮೂರನೇ ತರಗತಿಗೆ ಕಲಿಸುವ ಶಿಕ್ಷಕರು ಈ ವಾರವೇ ಪೆನ್ಸಿಲನ್ನು 2ರಿಂದ 9ರವರೆಗೆ ಇಟ್ಟು ಕೇಳಲಿ. ಬಂದ ಉತ್ತರಗಳನ್ನು ನೋಡಿ ಮುಂದಿನ ಪಾಠ ಯಾವುದೆಂದು ನಿರ್ಧರಿಸಲಿ.