ಇರವಿನ ಅರ್ಥ ಒಂದೇ: ಸಬ್ಜವಾರಿಯವರ ವಾದ ಎಲ್ಲಿಯವರೆಗೆ?

ದೇವರಿದ್ದಾನೆ, ಕಲ್ಲಿದೆ. ಎರಡೂ ಕಡೆ ಇರವಿನ ಅರ್ಥ ಒಂದೆಯೋ, ಬೇರೆಯೋ? ಇಸ್ಲಾಮಿ ತತ್ತ್ವಶಾಸ್ತ್ರದಲ್ಲಿ ಇದು ಬಹಳ ಹಳೆಯ ತಕರಾರು. ಅಶ್‌ಅರಿ ಎಂಬ ಧರ್ಮಶಾಸ್ತ್ರ ಪಂಥದವರು ಬೇರೆ ಎಂದರು: ಪ್ರತಿಯೊಂದು ವಸ್ತುವಿನ ಇರವು ಆ ವಸ್ತುವೇ, ಸಮಾನವಾದದ್ದು ಹೆಸರು ಮಾತ್ರ. ದಾರ್ಶನಿಕ ಇಬ್ನ್ ಸೀನಾರ ದಾರಿ ಹಿಡಿದವರು ಅರ್ಥವೂ ಸಮಾನವೆಂದು ವಾದಿಸಿದರು. ಈ ಪಕ್ಷದ ವಾದಗಳನ್ನು ಇರಾನಿನ ಹಾದಿ ಸಬ್ಜವಾರಿ (1797–1873) ಪದ್ಯಗಳಲ್ಲಿ ಅಡಕ ಮಾಡಿ, ತಾವೇ ವ್ಯಾಖ್ಯಾನವನ್ನೂ ಬರೆದರು. ‘ಶರ್ಹೆ ಮಂಜೂಮಾ’ ಎಂಬ ಆ ಗ್ರಂಥದ ವಾದಗಳೆಲ್ಲ ಒಂದೇ ತೂಕದವಲ್ಲ.

ಗಟ್ಟಿಯಾದದ್ದು ಸಂಶಯದ ವಾದ. ಅದನ್ನು ಬೈರಮಂಗಲ ಕೆರೆಯ ಏರಿಯ ಮೇಲೆ ನಿಂತೇ ಪರೀಕ್ಷಿಸಬಹುದು. ಬೆಂಗಳೂರಿನ ಕೊಳಚೆ ಹೊತ್ತು ವೃಷಭಾವತಿ ಬಂದು ಸೇರುವ ಕೆರೆ ಅದು. ದೂರದ ನೀರಿನಲ್ಲಿ ಬೆಳ್ಳಗೆ ಏನೋ ಕಾಣುತ್ತದೆ. ಬೆಳ್ಳಕ್ಕಿ ಅಂದುಕೊಳ್ಳುತ್ತೇವೆ. ಕತ್ತು ಎತ್ತುವುದಿಲ್ಲ, ರೆಕ್ಕೆ ಬಿಚ್ಚುವುದಿಲ್ಲ. ಗಾಳಿ ಬೀಸಿದಾಗ ಅಂಚು ಹರಿದು ಚೂರಾಗುತ್ತದೆ. ನೊರೆ! ಹಕ್ಕಿಯೆಂಬ ತಿಳಿವಳಿಕೆ ಬಿದ್ದುಹೋಯಿತು, ಅಲ್ಲಿ ಏನೋ ಇದೆ ಎಂಬ ನಂಬಿಕೆ ಮಾತ್ರ ಅಲುಗಲಿಲ್ಲ. ಹಕ್ಕಿಯ ಇರವು ಹಕ್ಕಿಯೇ ಆಗಿದ್ದರೆ ಅದರ ಜೊತೆಗೇ ‘ಇದೆ’ಯೂ ಹೋಗಬೇಕಿತ್ತು. ಉಳಿದದ್ದು ಹೆಸರಷ್ಟೇ ಎಂಬ ಸಮಾಧಾನ ನನಗೆ ಸಾಲದು. ಹೆಸರು ನಾಲಗೆಗೆ ಬರುವ ಮೊದಲೇ ಆ ಖಚಿತತೆ ನಮ್ಮಲ್ಲಿರುತ್ತದೆ.

ಪ್ರಾಸದ ವಾದ ಇಷ್ಟು ಗಟ್ಟಿಯಲ್ಲ. ಕವಿಯೊಬ್ಬ ಪ್ರತಿ ಪದ್ಯವನ್ನೂ ‘ವುಜೂದ್’ (ಇರವು) ಎಂದೇ ಮುಗಿಸಿದರೆ ಅರಬ್ಬಿ ಛಂದಸ್ಸಿನಲ್ಲಿ ಅದು ಪುನರುಕ್ತಿಯ ದೋಷ. ಅರ್ಥ ಬದಲಾಗುತ್ತಿದ್ದರೆ ದೋಷವಾಗುತ್ತಿರಲಿಲ್ಲ. ನಮ್ಮ ಯಮಕ ಬಲ್ಲವರಿಗೆ ಇದು ತಕ್ಷಣ ಹಿಡಿಸುತ್ತದೆ. ಆದರೆ ಕೇಳುವ ಕಿವಿಗೆ ಅರ್ಥ ಒಂದೇ ಎನಿಸಿತು ಎಂಬುದಕ್ಕಿಂತ ಹೆಚ್ಚಿನದನ್ನು ಇದು ಸಾಧಿಸದು. ಸಬ್ಜವಾರಿಯವರೂ ಇದನ್ನು ಬೆಂಬಲವಾಗಿಯಷ್ಟೇ ತರುತ್ತಾರೆ.

ಮೂರನೆಯ ವಾದ ದೇವರ ಕುರಿತದ್ದು. ದೇವರ ಇರವಿಗೆ ಬೇರೆಯೇ ಅರ್ಥವೆಂದರೆ, ಒಂದೋ ‘ಇಲ್ಲ’ ಎಂದು ತಿಳಿಯಬೇಕು, ಇಲ್ಲವೇ ಏನೂ ತಿಳಿಯದೆ ಸುಮ್ಮನಾಗಬೇಕು. ಪ್ರಾರ್ಥನೆಗೆ ನಿಂತವರಿಗೆ ಎರಡೂ ಆಗದು. ದೇವರನ್ನು ಸೃಷ್ಟಿಯ ಸಮಕ್ಕೆ ಇಳಿಸಬಾರದೆಂಬ ಕಾಳಜಿ ದೊಡ್ಡದೇ. ಅದಕ್ಕೆ ತೆರಬೇಕಾದ ಬೆಲೆಯನ್ನು ಈ ವಾದ ಎದುರಿಗಿಡುತ್ತದೆ.

ತೊಡಕಿರುವುದು ಮುಂದಿನ ಹೆಜ್ಜೆಯಲ್ಲಿ. ಇರವು ಒಂದೇ ವಾಸ್ತವ, ತೀವ್ರತೆಯಲ್ಲಿ ಮಾತ್ರ ಹೆಚ್ಚುಕಡಿಮೆ ಎಂಬುದು ಇರಾನಿನ ದಾರ್ಶನಿಕ ಮುಲ್ಲಾ ಸದ್ರಾರ ಮತ. ಸಬ್ಜವಾರಿ ಅಲ್ಲಿಗೆ ಒಂದೇ ಸೂತ್ರ ಹಿಡಿದು ದಾಟುತ್ತಾರೆ: ಯಾವ ಏಕತೆಯೂ ಇಲ್ಲದವುಗಳಿಂದ ಒಂದೇ ಅರ್ಥ ಹೊರಡದು. ನಾನಿದನ್ನು ಒಪ್ಪಲಾರೆ. ನೊರೆ ಹಕ್ಕಿಗಿಂತ ಬೇರೆ, ಹಕ್ಕಿ ನೀರಿಗಿಂತ ಬೇರೆ. ‘ಬೇರೆ’ ಎಂಬುದರ ಅರ್ಥ ಎಲ್ಲೆಡೆ ಒಂದೇ. ಹಾಗೆಂದು ಬೇರೆತನವೆಂಬ ಒಂದು ವಾಸ್ತವ ಅವುಗಳೊಳಗೆ ಹರಿದಿದೆಯೆಂದು ಯಾರೂ ಹೇಳುವುದಿಲ್ಲ.

ಅರ್ಥ ಒಂದೇ ಎನ್ನುವುದಕ್ಕೂ ವಾಸ್ತವ ಒಂದೇ ಎನ್ನುವುದಕ್ಕೂ ಇರುವ ಅಂತರವನ್ನು ಕರ್ನಾಟಕದ ಓದುಗರು ಸುಲಭವಾಗಿ ಗುರುತಿಸಬಲ್ಲರು. ಮಧ್ವಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ವಿಂಗಡಿಸಿದರು. ವಿಂಗಡಿಸಲು ಎರಡಕ್ಕೂ ಸಮಾನವಾದದ್ದೊಂದು ಬೇಕೇ ಬೇಕು, ಆದರೂ ದೇವರಿಗೂ ಜಗತ್ತಿಗೂ ಇರುವ ಭೇದವನ್ನು ಅವರು ಎಳ್ಳಷ್ಟೂ ಬಿಟ್ಟುಕೊಡಲಿಲ್ಲ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖಾಜಾ ಬಂದೇ ನವಾಜರು, ಸ್ವತಃ ಸೂಫಿಯಾಗಿದ್ದೂ, ಸೂಫಿ ದಾರ್ಶನಿಕ ಇಬ್ನ್ ಅರಬಿಯವರ ಇರವಿನ ಏಕತೆಯ ಮತವನ್ನು ವಿರೋಧಿಸಿದರು. ಸಂಶಯದ ವಾದವನ್ನು ಪೂರ್ತಿ ಒಪ್ಪಿಕೊಂಡೂ ಈ ಇಬ್ಬರ ಜೊತೆ ನಿಲ್ಲಲು ಸಾಧ್ಯವಿದೆ. ಹಾಗೆ ನಿಂತವರನ್ನು ಸಬ್ಜವಾರಿಯವರ ಸೂತ್ರ ಕದಲಿಸಲಾರದು.