ಅವಧಿಯಿಲ್ಲದ ವ್ಯಾಖ್ಯೆ

ಭಯೋತ್ಪಾದನೆಯನ್ನು ಕುರಿತ ನಮ್ಮ ಕಾಯಿದೆಗಳ ವಿಮರ್ಶೆ ಸಾಮಾನ್ಯವಾಗಿ ವ್ಯಾಖ್ಯೆಯ ಪದಗಳಲ್ಲಿಯೇ ನಿಂತುಬಿಡುತ್ತದೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಪದಗಳಷ್ಟೇ ಅವುಗಳ ಅವಧಿಯೂ ಮುಖ್ಯವಾದುದು.

1985ರ ಟಾಡಾ ಕಾಯಿದೆಗೆ ಎರಡು ವರ್ಷಗಳ ಆಯುಸ್ಸು ಮಾತ್ರ ಇದ್ದಿತು. 1987ರಲ್ಲಿ ಅದು ಹೊಸದಾಗಿ ರಚಿತವಾಗಿ, ಮತ್ತೆ ಮತ್ತೆ ವಿಸ್ತರಿಸಲ್ಪಟ್ಟು, 1995ರಲ್ಲಿ ಕೊನೆಗೊಂಡಿತು. ಪ್ರತಿಯೊಂದು ವಿಸ್ತರಣೆಗೂ ಸರ್ಕಾರವು ಸಂಸತ್ತಿನ ಒಪ್ಪಿಗೆಯನ್ನು ಬೇಡಬೇಕಾಗಿದ್ದಿತು. 2002ರ ಪೋಟಾ ಕಾಯಿದೆಗೂ ಮೂರು ವರ್ಷಗಳ ಮಿತಿಯಿದ್ದಿತು. 2004ರಲ್ಲಿ ಅದು ರದ್ದಾದುದನ್ನು ಸ್ವಾತಂತ್ರ್ಯದ ವಿಜಯವೆಂದು ಬಗೆಯುವುದುಂಟು. ಈ ಅಭಿಪ್ರಾಯವನ್ನು ಪೂರ್ಣವಾಗಿ ಒಪ್ಪುವುದು ಕಷ್ಟ. ಪೊಲೀಸ್ ಅಧಿಕಾರಿಯ ಮುಂದೆ ನುಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಸ್ವೀಕರಿಸುವ ನಿಯಮವು ಹೋಯಿತೆಂಬುದು ನಿಜ. ಆದರೆ ಭಯೋತ್ಪಾದಕ ಕೃತ್ಯದ ವ್ಯಾಖ್ಯೆಯು ಅದೇ ವರ್ಷ 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯಿದೆಯನ್ನು ಸೇರಿತು. ಈ ಕಾಯಿದೆಗೆ ಕಾಲಮಿತಿಯೇ ಇಲ್ಲ. 2008ರ ತಿದ್ದುಪಡಿಯಿಂದ ಜಾಮೀನು ದುರ್ಲಭವಾಯಿತು. 2019ರಲ್ಲಿ, ನ್ಯಾಯಾಲಯದ ತೀರ್ಪಿಲ್ಲದೆಯೇ ವ್ಯಕ್ತಿಯೊಬ್ಬನನ್ನು ಭಯೋತ್ಪಾದಕನೆಂದು ಸಾರುವ ಅಧಿಕಾರವು ಕೇಂದ್ರ ಸರ್ಕಾರಕ್ಕೆ ದೊರೆಯಿತು.

ರಾಷ್ಟ್ರರಕ್ಷಣೆಗೆ ಕಠಿಣ ವಿಧಿಗಳು ಬೇಕಾಗಬಹುದು. ಆದರೆ ಅಸಾಧಾರಣವಾದ ಅಧಿಕಾರವು ತಾನು ಇನ್ನೂ ಏಕೆ ಉಳಿಯಬೇಕೆಂಬುದಕ್ಕೆ ಕಾಲಕಾಲಕ್ಕೆ ಉತ್ತರ ಕೊಡಬೇಕು. 2004ರಲ್ಲಿ ನಾವು ಕಳೆದುಕೊಂಡುದು ಆ ಪ್ರಶ್ನೆಯನ್ನು ಕೇಳುವ ಸಂದರ್ಭವನ್ನು.